ಬಾಳೆಹಣ್ಣಿನ ಅಂಗಡಿಯ ಮುಂದೆ ಕೂಗಿದ ನನ್ನ ಧ್ವನಿ

ಹೆಸರು: ಶಿವಶರಣ ತಂದೆ ಮರೆಪ್ಪ, ವಯಸ್ಸು: 46 ವರ್ಷ, ವಿದ್ಯೆ: ಬಿ.ಎ., ಉದ್ಯೋಗ: ಅಂಗಡಿಗಳ ಜಾಹೀರಾತನ್ನು ಪ್ರಾಸದಲ್ಲಿ ಬರೆದು ಮೈಕಿನಲ್ಲಿ ಓದುವುದು, ವಾಸ: ಕುಸನೂರ ರಸ್ತೆ, ಕಲಬುರಗಿ. ಈ ಮೂಲಕ ತಿಳಿಸುವುದೇನೆಂದರೆ,

ಕಮಲಾಪುರದ ಹಣ್ಣಿನ ವ್ಯಾಪಾರಿ ಕಾಶಿರಾಯರಿಗೆ ಕಳೆದ ವರ್ಷ ನಾನು "ಕಾಶಿರಾಯರ ಅಂಗಡಿಯ ಕೆಂಪು ಬಾಳೆ, ಇವತ್ತು ತಿಂದವರು ಬರುತ್ತಾರೆ ನಾಳೆ" ಎಂಬ ಜಾಹೀರಾತು ಮಾಡಿಕೊಟ್ಟಿದ್ದೆ. ದಿನಾಂಕ 14ರಂದು ಬೆಳಿಗ್ಗೆ ಅವರು ಫೋನ್ ಮಾಡಿ, "ಏನ್ರೀ ಶಿವಶರಣಪ್ಪ, ನಾಳೆ ಬರ್ತಾರ ಅಂದಿದ್ರಿ. ಈಗ ಇವತ್ತೇ ಯಾರೂ ಬರವಲ್ರು. ನಿಮ್ಮ ದನಿ ಆಟೋದಾಗ ಕೂಗಾಕತ್ತದ, ಬಂದು ಕೇಳ್ರಿ" ಎಂದರು.

ನಾನು ಬಸ್ಸಿನಲ್ಲಿ ಹೋದೆ. ಬಸ್ ನಿಲ್ದಾಣದ ಬಳಿ ಆಟೋದ ಮೇಲಿನ ಸ್ಪೀಕರು, ಕಾಶಿರಾಯರ ಬಾಳೆ ವಿಷವೆಂದೂ ಯಾರೂ ತಿನ್ನಬಾರದೆಂದೂ ಹೇಳುತ್ತಿತ್ತು. ಧ್ವನಿ ನನ್ನದೇ. ಮಾತು ನನ್ನದಲ್ಲ. ಚಾಲಕ ಸಲಾವುದ್ದೀನ್, ಹೆಲ್ಮೆಟ್ ಹಾಕಿದವನೊಬ್ಬ ಪೆನ್‌ಡ್ರೈವ್ ಕೊಟ್ಟು ಹೋದನೆಂದೂ, ದನಿ ಕೇಳಿ ನಾನೇ ಕಳಿಸಿದ್ದೆಂದು ತಿಳಿದೆನೆಂದೂ ಹೇಳಿದ. ಬೈಕಿನಿಂದ ಇಳಿದ ಮೇಲೂ ಹೆಲ್ಮೆಟ್ ತೆಗೆಯದವನನ್ನು ನಾನು ಈ ಭಾಗದಲ್ಲಿ ಕಂಡಿಲ್ಲ. ಸಂಶಯ ಅಲ್ಲಿಂದ ಶುರು.

ಪೆನ್‌ಡ್ರೈವ್ ಪಡೆದು ಹೆಡ್‌ಫೋನಿನಲ್ಲಿ ಕೇಳಿದೆ. ಬಾಳೆಯ ಮಾತು ಹಳೆಯ ಜಾಹೀರಾತಿನದು. "ವಿಷ" ಎಂಬುದು ಕಪನೂರದ ಕಾರ್ಖಾನೆಯಲ್ಲೇ ಕೂತು ಓದಿದ ಇಲಿ ಪಾಷಾಣದ ಜಾಹೀರಾತಿನದು. ಆ ಒಂದು ಶಬ್ದದ ಹಿಂದೆ ಮಾತ್ರ ಮೋಟರು ಗುಂಯ್ ಎನ್ನುತ್ತದೆ. "ತಿನ್ನಬೇಡಿ" ಎಂಬುದು ಗುಟ್ಕಾ ವಿರೋಧಿ ಜಾಹೀರಾತಿನದು. ಅಂದು ಮೈಕಿಗೆ ತೀರ ಹತ್ತಿರ ಕೂತಿದ್ದರಿಂದ ಉಸಿರು ಬಡಿಯುತ್ತದೆ. ಮೇಲಾಗಿ ಪ್ರಾಸವಿಲ್ಲ. ನಾನು ಬೈಯುವಾಗಲೂ ಪ್ರಾಸ ಬಿಟ್ಟವನಲ್ಲ. ಇದನ್ನು ಹೇಳಿದಾಗ ಕಾಶಿರಾಯರು, "ಪ್ರಾಸ ಇಲ್ಲಂತ ಗಿರಾಕಿಗೆ ಹೇಳ್ಲೇನು?" ಎಂದರು. ಕಟ್ಟಿದ ಗೊನೆಗಳು ಹಾಗೇ ತೂಗುತ್ತಿದ್ದವು.

ಹೊರಗೆ ಬಿಟ್ಟ ಮೂರೂ ಜಾಹೀರಾತುಗಳಲ್ಲಿ ಮಾತಿನ ಕೆಳಗೆ ಸಂಗೀತವಿದೆ. ಈ ಕೂಗಿನಲ್ಲಿ ಇಲ್ಲ. ಸಂಗೀತ ಸೇರಿಸುವ ಮೊದಲಿನ ಬರೀ ಧ್ವನಿ ಇರುವುದು ನನ್ನನ್ನು ಯಾವಾಗಲೂ, ಆ ಕಾರ್ಖಾನೆಗೂ ಬಂದು, ರೆಕಾರ್ಡ್ ಮಾಡುವ, ಕಲಬುರಗಿಯ ಸ್ಟುಡಿಯೋದ ವಿಶ್ವಾಸನ ಕಂಪ್ಯೂಟರಿನಲ್ಲಿ ಮಾತ್ರ. ಕಾಶಿರಾಯರ ಎದುರು ತೆರೆಯುತ್ತಿರುವ ಹೊಸ ಹಣ್ಣಿನಂಗಡಿ ಅವನ ಭಾವನದು. ಫೋನಿನಲ್ಲಿ ಕೇಳಿದಾಗ ಅವನು, "ಅಣ್ಣಾ, ಈಗ ಕಂಪ್ಯೂಟರೇ ಮಾತಾಡ್ತಾವ, ಯಾರರ ಮಾಡಿರ್ತಾರ ಬಿಡು" ಎಂದನು.

ವಿಶ್ವಾಸನ ಮೇಲಿನ ನನ್ನ ಸಂಶಯ ತಿಳಿಯದ ಕಾಶಿರಾಯರು ಇಂದು ಠಾಣೆಗೆ ಬಂದು ನನಗೆ, "ಮೂರು ಕಡಿಂದ ಕತ್ತರಿಸ್ಯಾರ ಅಂತೀರಿ. ಹಂಗಾದ್ರ ಅದೇ ಮಾತು ನೀವೇ ಒಮ್ಮೆ ಹೇಳ್ರಿ, ತಾಳೆ ನೋಡೋಣು. ವಿಶ್ವಾಸಗ ಫೋನ್ ಹಚ್ಚೀನಿ, ಮೈಕ್ ತರಾಕತ್ತಾನ" ಎಂದರು.

ಆ ಮಾತನ್ನು ನಾನು ಈವರೆಗೆ ಒಂದೇ ಉಸಿರಿನಲ್ಲಿ ಹೇಳಿಲ್ಲ. ನನ್ನ ಬಳಿ ಇರುವ ಸಾಕ್ಷಿ ಅದೊಂದೇ. ವಿಶ್ವಾಸನ ಮೈಕಿನ ಮುಂದೆ ಹೇಳಿದರೆ, ಮೋಟರೂ ಇಲ್ಲದ, ತೇಪೆಯೂ ಇಲ್ಲದ ಕೂಗು ಅವನಿಗೆ ನಾನೇ ಕೊಟ್ಟಂತಾಗುತ್ತದೆ. ಆದ್ದರಿಂದ ಅವನು ಬರುವ ಮೊದಲೇ ಅವನ ಕಂಪ್ಯೂಟರನ್ನು ವಶಕ್ಕೆ ಪಡೆಯಬೇಕು. ನನ್ನ ಧ್ವನಿಯ ಮಾದರಿ ಬೇಕಾದರೆ ಬೇರೆ ಮಾತು ಹೇಳಿಸಬೇಕು ಎಂದು ವಿನಂತಿ.

ಪೊಲೀಸರು ತಾವು ಬರೆದುಕೊಂಡ ಈ ಹೇಳಿಕೆಯನ್ನು ಗಟ್ಟಿಯಾಗಿ ಓದಲು ಹೇಳಿದರು. ಆ ಮಾತು ಇದರಲ್ಲೂ ಇರುವುದರಿಂದ ನಾನು ಮನಸ್ಸಿನಲ್ಲೇ ಓದಿಕೊಂಡೆನು. ಇದರಲ್ಲಿರುವುದೆಲ್ಲ ನಿಜ.

ಸ್ಥಳ: ಕಮಲಾಪುರ
ದಿನಾಂಕ: 16-10-2025
(ಸಹಿ) ಶಿವಶರಣ