ತೊಡೆಯ ಮೇಲಿದ್ದ ಕಮಾನು

ಬಸ್ಸಿನ ಸಾಲಿನಲ್ಲಿ ನನ್ನ ಮುಂದೆ ಇಬ್ಬರು ನಿಂತಿದ್ದರು. ಒಬ್ಬರ ಹೆಗಲಿಗೆ ಪಿಟೀಲಿನ ಪೆಟ್ಟಿಗೆ, ಇನ್ನೊಬ್ಬರ ಕಾಲ ಬಳಿ ಮೃದಂಗದ ಚೀಲ. ಸಂಗೀತ ಕಚೇರಿ ಮುಗಿಸಿ ಬಂದವರು. ಮೃದಂಗದವರಿಗೆ ನಗು ತಡೆಯಲಾಗುತ್ತಿರಲಿಲ್ಲ.

“ಅಲ್ಲ ಕಣಯ್ಯಾ, ಹಾಡ್ತಿದ್ದ ಅಮ್ಮ ಆಲಾಪನೆ ಮುಗಿಸಿ, ಇನ್ನು ನೀನು ನುಡಿಸು ಅಂತ ನಿನ್ನ ಕಡೆ ನೋಡ್ತಿದಾರೆ. ನೀನು ಕಮಾನು ತೊಡೆ ಮೇಲಿಟ್ಕೊಂಡು ಗೊಂಬೆ ಹಾಗೆ ಕೂತಿದೀಯ! ಕಣ್ಣಲ್ಲಿ ಬೇರೆ ನೀರು.”

“ಮರೆತೇಹೋಯ್ತು ಕಣೋ.”

“ಕೊನೆಗೆ ನಾನು ಕೆಮ್ಮಬೇಕಾಯ್ತು.”

“ಹಾಡು ಕೇಳೋಕೆ ಬಂದಿದೀನಿ ಅಂದ್ಕೊಂಡುಬಿಟ್ಟೆ.”

“ಹಾಗಾದ್ರೆ ಟಿಕೆಟ್ ತಗೊಂಡು ಕೆಳಗೆ ಕೂತ್ಕೋಬೇಕಿತ್ತು.”

“ನಗಬೇಡ್ವೋ. ಇನ್ಮೇಲೆ ಅಮ್ಮ ನನ್ನನ್ನ ಕರೀತಾರೋ ಇಲ್ವೋ. ಆಮೇಲೆ ಏನಾದ್ರೂ ಅಂದ್ರಾ?”

“ಅಂದ್ರು.”

“ಏನಂತ?”

“‘ಇಪ್ಪತ್ತು ವರ್ಷದಿಂದ ಪಕ್ಕದಲ್ಲೇ ಕೂತಿದಾನೆ, ನನ್ನ ಹಾಡು ಕೇಳಿದ್ದು ಇವತ್ತೇ’ ಅಂತ.”

ಪಿಟೀಲಿನವರು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸತೊಡಗಿದರು. ಅಷ್ಟರಲ್ಲಿ ಬಸ್ಸು ಬಂದು ನಿಂತಿತು. ಸಾಲು ಕದಲಿತು, ಅವರು ಕದಲಲಿಲ್ಲ.

ಮೃದಂಗದವರು ಬೆನ್ನ ಹಿಂದೆ ನಿಂತು ಜೋರಾಗಿ ಕೆಮ್ಮಿದರು.

“ಹತ್ತಪ್ಪಾ, ಇಲ್ಲೂ ನಿಂದೇ ಸರದಿ.”