ರಾಚಯ್ಯನವರ ನೆಟ್ಟಗಿನ ಫೋಟೋ

ನಂಜನಗೂಡಿನ ಬಸ್ ನಿಲ್ದಾಣದಲ್ಲಿ ಕಾಯುವವರ ಗಡ್ಡ ಬೆಳೆದು ಮೊಣಕಾಲು ಮುಟ್ಟಿದರೂ ತಿ. ನರಸೀಪುರದ ಬಸ್ಸು ಬಂದಿರಲಿಲ್ಲ. ಹೆಮ್ಮರಗಾಲದ ರುದ್ರಾಣಮ್ಮ ಸೋತು ಸುಣ್ಣವಾಗಿ, ಮಡಿಲಲ್ಲಿ ಫೋಟೋಗಳ ಚೀಲ ಇಟ್ಟುಕೊಂಡು, ಮಗ ನಂಜೇಶನ ಪಕ್ಕ ಬೆಂಚಿನಲ್ಲಿ ಕೂತಿದ್ದರು. ಗಂಡ ರಾಚಯ್ಯ ತೀರಿಕೊಂಡು ಒಂಬತ್ತು ದಿನ. ನಾಟಕದ ಕಂಪನಿ ಬಿಟ್ಟು ಮದರಾಸಿಗೆ ಹೋಗಿ, ಕಪ್ಪು-ಬಿಳುಪು ಸಿನಿಮಾಗಳಲ್ಲಿ ಮೆಳ್ಳಗಣ್ಣು ಬಿಟ್ಟೇ ಹೆಸರಾದ ಹಾಸ್ಯನಟ ಅವರು. ಆ ಕಣ್ಣು ಒಮ್ಮೆ ಹೊರಳಿದರೆ ಜನರ ನಗುವಿಗೆ ಸಿನಿಮಾ ಟೆಂಟು ಗೂಟ ಸಮೇತ ಎರಡು ಮೊಳ ಮೇಲೇಳುತ್ತಿತ್ತು.

“ಅವ್ವ, ನೂರು ಫೋಟೋ ನೋಡ್ದೆ. ಒಂದ್ರಲ್ಲೂ ಮೋರೆ ನೆಟ್ಗಿಲ್ಲ.”

“ಕ್ಯಾಮರಾ ಕಂಡ್ರೆ ಕಣ್ಣು ಮೆಳ್ಳಗಾಗೋದು ಕಣಪ್ಪ. ಮದ್ವೆ ಫೋಟೋದಲ್ಲೂ ಅಂಗೇ.”

“ಆಧಾರ್ ಕಾರ್ಡಲ್ಲೂ ಅಂಗೇ! ನಾಳಿದ್ದು ಅಪ್ಪನ ಶಿವಗಣಾರಾಧನೆ, ಸ್ವಾಮಿಗಳು ಬತ್ತಾರೆ. ಈ ಫೋಟೋಗೆ ಊವಿನ ಆರ ಆಕುದ್ರೆ ಪೂಜೆಗೆ ಬಂದೋರೆಲ್ಲ ನಗ್ತಾರೆ.”

“ಅದ್ಕೇ ತಾನೆ ಓಯ್ತಿರೋದು?”

“ಊಂ. ನರಸೀಪುರದ ಸ್ಟುಡಿಯೋದೋನು ಕಂಪ್ಯೂಟರಲ್ಲಿ ಕಣ್ಣು ನೆಟ್ಗೆ ಮಾಡ್ಕೊಡ್ತಾನಂತೆ.”

“ನೆಟ್ಗೆ ಮಾಡುದ್ರೆ ಎಂಗೆ ಕಾಣ್ತಾರ್ಲಾ?”

“ಮನೇಲಿ ಇದ್ದಂಗೇ.”

ರುದ್ರಾಣಮ್ಮ ಚೀಲದಿಂದ ಒಂದು ಫೋಟೋ ತೆಗೆದು ನೋಡಿದರು.

“ಬ್ಯಾಡ ಬುಡು. ನಗೂನೆಲ್ಲ ಊರೋರ್ಗೆ ಅಂಚಿ ಬಂದು, ನನ್ ಮುಂದೆ ಅರವತ್ ವರ್ಸ ಆ ನೆಟ್ಗಿರೋ ಮೋರೇಲೇ ಕೂತಿದ್ರು. ಗ್ವಾಡೆ ಮ್ಯಾಲೂ ಅದೇ ಯಾಕೆ?”

“ಜನ ನಗ್ತಾರಲ್ಲವ್ವ!”

“ನಗ್ಲಿ. ನಾನೂ ಒಂದ್ಸಲ ನಗ್ತೀನಿ.”

ತಾಯಿ ಮಗ ಎದ್ದು, ಹೆಮ್ಮರಗಾಲದ ಬಸ್ಸು ನಿಲ್ಲುವ ಕಡೆ ನಡೆದರು.