ಏರು ಹತ್ತುವ ಗಾಡಿ

ಬ್ಯಾಟರಿ ಅಂಗಡಿಯ ಸಾಲಿನಲ್ಲಿ ನಿಂತಿದ್ದ ಟೀಚರಮ್ಮನಿಗೆ, ಮುಂದಿದ್ದ ನರ್ಸ್ ಮತ್ತು ಅವಳ ಮೆಕ್ಯಾನಿಕ್ ತಮ್ಮನ ಮಾತು ಕಿವಿಗೆ ಬಿತ್ತು.

“ಆಸ್ಪತ್ರೆ ಗಾಲ್ಫ್ ಕಾರ್ಟಿಗೆ ವಯಸ್ಸಾಯ್ತು ಕಣೋ. ರೋಗಿಗಳನ್ನ ಕೂರಿಸಿದ್ರೆ ಏರಲ್ಲಿ ನಿಂತೇಬಿಡುತ್ತೆ.”

“ಬ್ಯಾಟರಿ ಹೆಚ್ಚಿಸಿ ಮೂವತ್ತಾರು ವೋಲ್ಟಿಂದ ನಲವತ್ತೆಂಟಕ್ಕೆ ಏರಿಸ್ತೀನಿ, ಹತ್ತುತ್ತೆ.”

“ಮೋಟರ್ ಸುಟ್ಟುಹೋದ್ರೆ?”

“ಬಿಚ್ಚಿ ನೋಡಿದೀನಿ, ಗಟ್ಟಿಯಾಗಿದೆ. ಆ ವೋಲ್ಟಿಗೆ ತಕ್ಕ ಕಂಟ್ರೋಲರ್, ಚಾರ್ಜರ್ ಎರಡೂ ಹೊಸದು ಹಾಕ್ತೀನಿ.”

“ಡಾಕ್ಟರು ಗುಜರಿಗೆ ಹಾಕಿ ಅಂದಿದ್ರು. ನಿನ್ನ ನಂಬ್ಕೊಂಡು ನಾನೇ ತಡೆದಿದೀನಿ.”

“ಹಾಗಾದ್ರೆ ಮೊದಲು ಡಾಕ್ಟರನ್ನೇ ಕೂರಿಸೋಣ.”

“ಬೇಡ, ಡಯಾಲಿಸಿಸ್‌ಗೆ ಬರೋ ಅಜ್ಜಿ ಕೂರಲಿ. ಗಾಡಿ ನಿಂತಾಗೆಲ್ಲ ಪಾಪ, ತಳ್ಳೋಕೆ ನನ್ನ ಜೊತೆ ತಾವೂ ಇಳೀತಾರೆ.”

“ಸರಿ, ಅಜ್ಜಿ ಪಕ್ಕ ನೀನೂ ಕೂತ್ಕೋ ಅಕ್ಕ. ಇನ್ನು ಯಾರೂ ಇಳಿಯೋ ಹಾಗಿಲ್ಲ.”

ಅಷ್ಟರಲ್ಲಿ ಅವರ ಸರದಿ ಬಂದು, ಬ್ಯಾಟರಿಗಳಿಗೆ ದುಡ್ಡು ಕೊಟ್ಟಾಯಿತು. ಅಕ್ಕ ನಗುತ್ತ ಅಂಗಡಿಯ ಬಾಗಿಲು ತೆರೆದು ಹಿಡಿದಳು. ತಮ್ಮ ಮೊದಲ ಬ್ಯಾಟರಿ ಎತ್ತಿಕೊಂಡು ಹೊರನಡೆದ.